ಮೂರು ರಾಜ್ಯದ ಎಣ್ಣೆ

ಕೇಂದ್ರ ಸರ್ಕಾರದಲ್ಲಿ ಮೂವತ್ತಾರು ವರ್ಷ ಕಡತ ತಿರುವಿ ನಿವೃತ್ತರಾದ ಗುಂಡಣ್ಣನವರಿಗೆ ದೆಹಲಿ ಗಡಿಯಾಚೆ ಉತ್ತರ ಪ್ರದೇಶದ ಇಂದಿರಾಪುರಂನ ಎಂಟನೇ ಮಹಡಿಯಲ್ಲಿ ತಿರುವಲು ಸಾರಿನ ಸೌಟೂ ಸಿಕ್ಕಿರಲಿಲ್ಲ. (ಸಿಕ್ಕಿದ್ದರೆ ‘ಮುಂದಿನ ಕ್ರಮಕ್ಕಾಗಿ’ ಎಂದು ಹೆಂಡತಿಗೇ ದಾಟಿಸುತ್ತಿದ್ದರು.) ಅಂಥ ಬರಗಾಲದಲ್ಲಿ, ಗುರುಗ್ರಾಮದ ಆಫೀಸಿನಿಂದ ಬಂದ ಸೊಸೆ ಗಗನಾ ಅತ್ತೆಯ ಮಂಡಿನೋವಿಗೆಂದು ದೆಹಲಿಯಲ್ಲಿ ಕೊಂಡು ಆಫೀಸಿನಲ್ಲಿ ಇಟ್ಟುಕೊಂಡಿದ್ದ ಒಂದು ಬಾಟಲಿ ಎಣ್ಣೆ ತಂದಳು. ಗಾಂಜಾ ಗಿಡದ ಬೀಜದ್ದು. ಚೀಟಿಯ ಮೇಲೆ ಎಲೆಯ ಚಿತ್ರ.

ಗುಂಡಣ್ಣನವರು ಹಾವು ತುಳಿದವರಂತೆ ಹಿಂದೆ ಸರಿದರು. ಮುಖದಲ್ಲಿ ಮಾತ್ರ ಮದುವಣಿಗನ ಕಳೆ.

“ಮಾವ, ಬೀಜಕ್ಕೆ ಪರವಾನಗಿ ಇದೆ. ನಂಬರ್ ಭೀ ಲಿಖಾ ಹೈ, ನೋಡಿ.”

“ಕೊಂಡಿದ್ದು ದೆಹಲೀಲಿ, ಇಟ್ಕೊಂಡಿದ್ದು ಹರಿಯಾಣದಲ್ಲಿ, ಹಚ್ಚೋದು ಉತ್ತರ ಪ್ರದೇಶದಲ್ಲಿ. ಮೂರು ಸರ್ಕಾರದ ನಿರಾಕ್ಷೇಪಣಾ ಪತ್ರ ಎಲ್ಲಮ್ಮ?”

“ಹೋಳಿ ಹಬ್ಬಕ್ಕೆ ಭಂಗ್ ಕುಡಿದು ಲಿಫ್ಟಿಗೆ ಅರ್ಧ ಗಂಟೆ ಸಲಾಮು ಹೊಡೆದ್ರಲ್ಲ, ಅದಕ್ಕೆಷ್ಟು ಪತ್ರ ಇತ್ತು?” ಎಂದರು ಸೋಫಾದಿಂದ ಹೆಂಡತಿ ಮನೋರಮಾ.

“ಅದು ಸರ್ಕಾರಿ ಠೇಕಾ ಅಂಗಡೀದು ಕಣೇ. ಅಮಲೂ ಕಾನೂನುಬದ್ಧ.”

ಬಾಟಲಿ ಜಪ್ತಿಯಾಯಿತು. ಪಂಚನಾಮೆಗೆ ಅತ್ತೆ ಸೊಸೆಯರೇ ಪಂಚರು. ಅರಗು ಸಿಗದೆ ಮನೋರಮಾ ಅವರ ಬಿಂದಿಯೇ ಮೊಹರಾಗಿ, ಬಾಟಲಿ ಬೀರುವಿನ ಕೆಳಖಾನೆಯನ್ನೂ, ಬೀಗದ ಕೈ ಗುಂಡಣ್ಣನವರ ಉಡಿದಾರವನ್ನೂ ಸೇರಿತು. ನಿಯಮಾವಳಿ ಫ್ರಿಜ್ಜಿನ ಬಾಗಿಲೇರಿತು: ನೋವಿದ್ದವರು ಮೂರು ಪ್ರತಿಯಲ್ಲಿ ಅರ್ಜಿ ಸಲ್ಲಿಸುವುದು, ನೋಯುವ ಅಂಗ ಎಡವೋ ಬಲವೋ ನಮೂದಿಸುವುದು, ಅಧಿಕಾರಿಯು ಸ್ವಂತ ಅರ್ಜಿಯನ್ನು ತಾನೇ ಮಂಜೂರು ಮಾಡತಕ್ಕದ್ದಲ್ಲ. (ಕೊನೆಯದು ತಮ್ಮ ಪ್ರಾಮಾಣಿಕತೆಗೆ ತಾವೇ ತಲೆದೂಗಿ ಸೇರಿಸಿದ್ದು.)

ಮನೋರಮಾ ಅರ್ಜಿ ಹಾಕಿದರು. ‘ಬಲ ಮಂಡಿ’ ಎಂದಿದೆ, ಯಾರ ಮಂಡಿ ಎಂಬುದು ಸ್ಪಷ್ಟವಿಲ್ಲವೆಂದು ವಾಪಸಾಯಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೇವೆ. ಇವರು ಕರುವಿನ ಜನನ ಪ್ರಮಾಣಪತ್ರ ಕೇಳುವ ಪೈಕಿ.

ಮೂರನೆಯ ಬೆಳಿಗ್ಗೆ ಮೊಹರು ಪರಿಶೀಲಿಸಲು ಬಗ್ಗಿದ ಗುಂಡಣ್ಣನವರ ಸೊಂಟ ಹಿಡಿದುಕೊಂಡಿತು. ಬಗ್ಗಿದವರು ನೊಗ ಹೊತ್ತ ಎತ್ತಿನಂತೆ ಹಾಗೆಯೇ ನಿಂತರು.

“ಮನೂ, ಆ ಎಣ್ಣೆ ಒಂಚೂರು...”

“ಅರ್ಜಿ?”

“ಮಂಜೂರು ಮಾಡೋನು ನಾನೇ ಅಲ್ವೇನೇ.”

“ಮೂರನೇ ನಿಯಮ ಓದ್ಕೊಳ್ಳಿ. ನಿಮ್ಮ ಅರ್ಜಿಗೆ ಅಧಿಕಾರಿ ನಾನು. ನನ್ನದನ್ನ ಆಗಲೇ ಗಗನಾ ಮಂಜೂರು ಮಾಡಿದ್ದಾಳೆ.”

ಕುಂಟುತ್ತ ಬಂದ ಮನೋರಮಾ ಗಂಡನ ಉಡಿದಾರದಿಂದ ಬೀಗದ ಕೈ ಬಿಚ್ಚಿಕೊಂಡು, ಬಿಂದಿ ಕಿತ್ತು, ಸೋಫಾದಲ್ಲಿ ಕೂತು ಸಾವಕಾಶವಾಗಿ ಮಂಡಿಗೆ ಎಣ್ಣೆ ತಿಕ್ಕಿಕೊಂಡರು. ಅಷ್ಟರಲ್ಲಿ ಗಗನಾ ಮಾವನ ಅರ್ಜಿಯನ್ನು ಮೂರು ಪ್ರತಿ ಬರೆದು ತಂದಳು. ಮನೋರಮಾ ಕನ್ನಡಕ ಏರಿಸಿ ಓದಿ, ಕೆಂಪು ಶಾಯಿಯಲ್ಲಿ ಟಿಪ್ಪಣಿ ಹಾಕಿದರು:

‘ಸದರಿ ಸೊಂಟ ಹುಟ್ಟಿದ್ದು ಕರ್ನಾಟಕದಲ್ಲಿ, ಸವೆದದ್ದು ದೆಹಲಿಯಲ್ಲಿ, ಹಿಡಿದುಕೊಂಡದ್ದು ಉತ್ತರ ಪ್ರದೇಶದಲ್ಲಿ. ಮೂರೂ ಸರ್ಕಾರದ ಪತ್ರ ಲಗತ್ತಿಸಿ ಮರುಸಲ್ಲಿಸುವುದು.’