ಸೀಡಿ ನೋಡಿ ಕಲಿತ ಡಾಕ್ಟರರು

ರೋಗಿಯ ಮೈಮೇಲೆ ಕೈಯಿಟ್ಟು ಕಲಿಯದ್ದನ್ನು ಕಲಿತೆ ಎನ್ನಬಾರದು. ಹೊನ್ನಾವರದ ನಮ್ಮ ಆಸ್ಪತ್ರೆಯಲ್ಲಿ ನನ್ನದು ಇದೊಂದೇ ನಿಯಮ. ಇದನ್ನು ಮುರಿಯುವವರು ವರ್ಷವರ್ಷವೂ ಬರುತ್ತಲೇ ಇದ್ದರು. ಸೈಬರ್ ಕೆಫೆಗಳು ಬಂದಮೇಲಂತೂ ತರಬೇತಿಯ ವೈದ್ಯ ವಿದ್ಯಾರ್ಥಿಗಳು ಅಲ್ಲಿ ನೆಟ್ಟಿನಿಂದ ಇಳಿಸಿಕೊಂಡ ಪಾಠದ ಸೀಡಿಗಳ ಕಟ್ಟು ಹೊತ್ತುಕೊಂಡೇ ಬಸ್ಸಿಳಿಯುತ್ತಿದ್ದರು. ಒಂದು ತಂಡದಲ್ಲಿ ಭಟ್ಕಳದ ಹುಡುಗನೊಬ್ಬ ಕೇಳಿಯೇಬಿಟ್ಟ:

“ಎಲ್ಲಾ ನೆಟ್ಟಲ್ಲೇ ಇದೆಯಲ್ಲ ಸರ್, ವಾರ್ಡಿಗೆ ಎಂತಕ್ಕೆ?”

“ನನ್ನ ಸಹಿ ನೆಟ್ಟಲ್ಲಿಲ್ಲ” ಎಂದೆ. ನಾನು ಸಹಿ ಹಾಕದಿದ್ದರೆ ತರಬೇತಿ ಇನ್ನೊಂದು ತಿಂಗಳು. ಅವರು ಹೆದರುತ್ತಿದ್ದದ್ದು ಅದಕ್ಕೊಂದಕ್ಕೇ.

ಎದೆಬಡಿತ

ಆ ಭಟ್ಕಳದ ಹುಡುಗ ಹೃದಯದ ಸದ್ದುಗಳನ್ನೆಲ್ಲ ಹೆಡ್‌ಫೋನಿನಲ್ಲಿ ಕೇಳಿ ಬಾಯಿಪಾಠ ಮಾಡಿದ್ದ. ಬೆಳಕೆ ಊರಿನ ಅಜ್ಜನೊಬ್ಬನ ಎದೆಗೆ ಸ್ಟೆತಾಸ್ಕೋಪ್ ಇಡಿಸಿದೆ. ಅದರ ಬಿಲ್ಲೆಯನ್ನು ಸರಿಯಾದ ಬದಿಗೆ ತಿರುಗಿಸದಿದ್ದರೆ ಸದ್ದು ಬರುವುದಿಲ್ಲ. ಇದನ್ನು ಸೀಡಿ ಹೇಳಿಕೊಟ್ಟಿರಲಿಲ್ಲ. ಹುಡುಗ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ.

“ಎಂತ ಕೇಳ್ತದೆ ತಮ್ಮಾ?” ಎಂದ ಅಜ್ಜ.

“ಎಂತದೂ ಇಲ್ಲ ಅಜ್ಜ.”

“ಹಂಗಾರೆ ನಾ ಸತ್ತಾತಾ?”

ಹುಡುಗ ಉತ್ತರಕ್ಕಾಗಿ ನನ್ನ ಮುಖ ನೋಡಿದ.

ಹೊಟ್ಟೆ

ಇನ್ನೊಬ್ಬ ಯಕೃತ್ತು ಮುಟ್ಟಿ ನೋಡುವ ಕ್ರಮವನ್ನು ಚಿತ್ರ ನಿಲ್ಲಿಸಿ ನಿಲ್ಲಿಸಿ ಕಲಿತಿದ್ದ. ಕಂಪ್ಯೂಟರಿನ ಹೊಟ್ಟೆ ಅಲುಗುವುದಿಲ್ಲ, ಕಿರುಚುವುದೂ ಇಲ್ಲ. ಪಕ್ಕದ ಕಾಸರಕೋಡಿನ ಮೀನು ಮಾರುವ ಹೆಂಗಸಿನ ಹೊಟ್ಟೆ ಎರಡನ್ನೂ ಮಾಡಿತು. ಕಂಪ್ಯೂಟರಿನ ಎ.ಸಿ. ಕೋಣೆಯಿಂದ ನೇರ ಬಂದವನು ಕೈ ಉಜ್ಜಿ ಬಿಸಿ ಮಾಡಿಕೊಂಡಿರಲಿಲ್ಲ.

ಆಕೆ ಎದ್ದು ಕೂತು ಅವನ ಕೈ ಹಿಡಿದು ನೋಡಿದಳು. “ತಮ್ಮಾ, ಐಸ್ ಎಂತಕ್ಕೆ ನಮ್ಗೆ? ಈ ಕೈ ಬುಟ್ಟಿಲಿ ಇಟ್ರೆ ಬಂಗ್ಡೆ ಎರಡು ದಿನ ಕೆಡುದಿಲ್ಲ.”

ಸೂಜಿ

ಕೊನೆಯ ದಿನದ ಪರೀಕ್ಷೆ, ರೋಗಿಯ ಕೈಯಿಂದ ರಕ್ತ ತೆಗೆಯುವುದು. ಮಾವಿನಕುರ್ವೆಯ ದೋಣಿಯವನೊಬ್ಬ ಸ್ಟೂಲಿನ ಮೇಲೆ ಕೂತು ಕೈ ಚಾಚಿದ್ದ. ಸರದಿ ಕುಮಟೆಯ ಹುಡುಗಿಯದು. ಸೂಜಿ ಹಿಡಿದವಳು ನಿಂತುಬಿಟ್ಟಳು.

“ನಾನು ಸೀಡಿಯಲ್ಲಿ ನೋಡಿದ್ದಷ್ಟೇ ಸರ್. ಇವರಿಗೆ ಚುಚ್ಚುವುದಿಲ್ಲ.”

“ಸಹಿ ಬೇಡವೇ?”

“ಬೇಕು ಸರ್. ಭಾನುವಾರ ಅಕ್ಕನ ಮದುವೆ. ಆದರೂ ಚುಚ್ಚುವುದಿಲ್ಲ.”

“ಮತ್ತೆ ಯಾರ ಮೇಲಮ್ಮಾ ಕಲಿಯುವುದು?” ಎಂದು ಗದರಿದೆ.

ಅವಳು ನನ್ನ ಕೈಯನ್ನೇ ನೋಡಿದಳು. ದೋಣಿಯವನಿಗೆ ತಕ್ಷಣ ಅರ್ಥವಾಯಿತು. ಸ್ಟೂಲು ಬಿಟ್ಟೆದ್ದು, “ಕೂತ್ಕಣಿ ಡಾಕ್ಟ್ರೇ” ಎಂದ. ಕೂತೆ. ಸೂಜಿ ಹತ್ತಿರ ಬಂತು.

“ಅವಸರವಿಲ್ಲ” ಎಂದೆ. “ಬೇಕಾದರೆ ಆ ಸೀಡಿ ಇನ್ನೊಮ್ಮೆ ನೋಡಿಕೊಂಡು ಬಾ.”

“ಇಲ್ಲ ಸರ್.”

ಬೇರೆ ದಾರಿಯಿಲ್ಲದೆ ಬಲಗೈ ಚಾಚಿದೆ. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಸಹಿ ಹಾಕಲು ಅದು ಬೇಕಲ್ಲ ಸರ್” ಎನ್ನುತ್ತ ಎಡಗೈಗೆ ರಬ್ಬರ್ ಪಟ್ಟಿ ಬಿಗಿದಳು.