ಎಣ್ಣಿ ಬಾವಿ ಸಾಹುಕಾರ್ರ ಮನಿಗೆ ಬಂದ ನಾಕು ವರ

ನಮ್ಮನಿಯವ್ರು ಇರೋತನಕ ನಮ್ಮನ್ಯಾಗ ಒಂದ್ ಕೆಲಸನೂ ಸುಮ್ಮನ ಮುಗೀಲಿಲ್ಲ. ಮಂದಿ ಮನ್ಯಾಗ ಒಂದ್ ಕಪ್ ಚಹಾದಾಗ ಮುಗಿಯೋ ಮಾತು ನಮ್ಮನ್ಯಾಗ ವರ್ಷಗಟ್ಟಲೆ ಹೇಳೋ ಕಥಿ ಆಗ್ತಿತ್ತು. ಅವ್ರು ಹೋಗಿ ಎರಡು ವರ್ಷಾತು. ನೆನಸ್ಕೊಂಡು ಅಳಬೇಕಂತ ಬಂದು ಕುಂತವ್ರು ಎದ್ದು ಹೋಗೋದ್ರಾಗ ಹೊಟ್ಟಿ ಹಿಡ್ಕೊಂಡು ನಕ್ಕಿರ್ತಾರ.

ಅವ್ರದು ಎಣ್ಣಿ ಬಾವಿ ವ್ಯಾಪಾರ. ಪೆಟ್ರೋಲು, ಡೀಸೆಲ್ಲು ಆಗ್ತದಲ್ಲ, ಆ ನೆಲದಾಗಿನ ಎಣ್ಣಿ. ಗೋದಾವರಿ ಸಮುದ್ರ ಸೇರೋ ಕಡಿ ಅಂಥ ಬಾವಿ ಕೊರಿತಾರ. ಅಲ್ಲಿಗೆ ಪೈಪು, ಉಕ್ಕಿನ ಹಗ್ಗ, ಪಂಪಿನ ಸಾಮಾನು ಕೊಡೋದು ಇವ್ರ ಕೆಲಸ. ಹರೇದಾಗ ಶಹಾಬಾದ ಕಡಿ ಕಲ್ಲಿನ ಖಣ್ಯಾಗ ಕ್ರೇನ್ ನಡಸ್ತಿದ್ದವ್ರು, ಅಲ್ಲಿಂದ ಅಷ್ಟು ದೂರ ಹೋಗಿ ಸಾಹುಕಾರ ಆದ್ರು. ಮನಿ ಮಾತ್ರ ನಮ್ಮೂರು ವಾಡಿ ಬಿಟ್ಟು ಸರಸಲಿಲ್ಲ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ರೈಲಿಳದು ಬಂದು ಹೊಸ್ತಲಾ ದಾಟೂಕ್ಕಿಂತ ಮೊದಲ ಕೇಳೋ ಮಾತು ಒಂದೇ: "ನನ್ನ ಮಗಳೆಲ್ಲಿ?"

ಆ ಮಗಳು ನರ್ಸ್ ಆದಳು, ಲಗ್ನದ ವಯಸ್ಸಿಗೆ ಬಂದಳು. ಕೊಡಬೇಕಂತ ಅವ್ರ ಬಾಯಿ ಅಂತಿತ್ತು, ಜೀವ ಒಲ್ಲೆ ಅಂತಿತ್ತು. ನನಗ ಅದೇ ಚಿಂತಿ ಹತ್ತಿತು.

ಕರೀ ಬಾಟ್ಲಿ

ಮೊದಲ ವರ ಶಹಾಬಾದಿಂದ ಬರೋ ದಿನ. ಹಿಂದಿನ ದಿನಾನೇ ಇವ್ರು ಬೀಗರಿಗೆ ತೋರ್ಸಬೇಕಂತ ಬಾವ್ಯಾಗಿನ ಹಸೀ ಎಣ್ಣಿ ಒಂದ್ ಬಾಟ್ಲಿ ತಂದು ಗ್ವಾಡಿ ಮಾಡದಾಗ ಇಟ್ಟಿದ್ರು. ಕರ್ರಗ, ಡಾಂಬರಿನಂಗ ನಾರೋದು. ನಮ್ಮತ್ತಿ ಬಾಟ್ಲಿ ನೋಡಿದಳು. ಮಗ ತನ್ನ ಮಣಕಾಲಿಗೇ ಔಷಧ ತಂದಾನ ಅಂದ್ಕೊಂಡು ಮುಂಜಾನೆದ್ದು ಎರಡೂ ಮಣಕಾಲಿಗೆ ತಿಕ್ಕಿ ತಿಕ್ಕಿ ಹಚ್ಕೊಂಡಳು.

ವರ ಬಂದ. ಬಿಳೇ ಅಂಗಿ, ಹಣಿಗೆ ವಿಭೂತಿ, ಭಾಳ ಮರ್ಯಾದಿ ಹುಡುಗ. ಬಂದವನೇ ಮುದುಕಿ ಕಾಲು ಮುಟ್ಟಿದ. ಈಕಿ ಅದೇ ಕೈಲೆ ಪ್ರೀತಿಲೆ ಅವನ ಗಲ್ಲ ಸವರಿ, ತಲಿ ಮ್ಯಾಲ ಕೈ ಇಟ್ಟು, ಬೆನ್ನು ಚಪ್ಪರಿಸಿದಳು. ಹುಡುಗ ಎದ್ದು ನಿಂತ್ರ ಗ್ಯಾರೇಜಿನಾಗಿಂದ ಎದ್ದು ಬಂದವ್ನಂಗ ಕಾಣಲಿಕತ್ತಿದ್ದ. ಅವರವ್ವ ಮೂಗಿಗೆ ಸೆರಗು ಹಿಡಕೊಂಡೇ ಅವಲಕ್ಕಿ ತಿಂದಳು. ಹೋದವ್ರು ಮತ್ತ ಫೋನ್ ಮಾಡಲಿಲ್ಲ.

ನಾ ಸಿಟ್ಟಿಗೆದ್ದೆ. "ಅತ್ತಿ, ನಿಮ್ಮಿಂದ ಒಂದ್ ಛಲೋ ವರ ಕೈ ಬಿಟ್ಟು ಹೋತು."

"ಹೋದ್ರ ಹೋಗಲಿ ಬಿಡವಾ, ನನ್ನ ಮಣಕಾಲು ನೋವೂ ಹೋತು," ಅಂದಳು. ಆಮ್ಯಾಲ ಮಗನ ಕಡಿ ತಿರುಗಿ, "ಏ ಯಪ್ಪಾ, ಮುಂದಿನ ವರ ಬರೋದ್ರಾಗ ಎರಡು ಬಾಟ್ಲಿ ತಾ."

ಆರನೇ ಹೋಳಿಗಿ

ಎರಡನೇದು ಚಿತ್ತಾಪುರದ ವರ. ಇವ್ರ ಧಂಧೆದಾಗ ಒಂದ್ ರಿವಾಜ್ ಅದ. ಪೈಪು ಕೊಡೂ ಮುಂಚೆ ಅದ್ರಾಗ ನೀರು ತುಂಬಿ, ಅದು ದಿನಾ ತಡಿಯೋ ಪ್ರೆಷರಿಗಿಂತ ಒಂದೂವರಿ ಪಟ್ಟು ಹಾಕಿ ನೋಡ್ತಾರ. ತಡೀತು ಅಂದ್ರ ಪಾಸು.

ಊಟಕ್ಕ ಕುಂತಾಗ ವರನ್ನ ಕೇಳಿದ್ರು, "ಮನ್ಯಾಗ ಎಷ್ಟು ಹೋಳಿಗಿ ತಿಂತೀರಿ?"

"ನಾಕ್ರಿ," ಅಂದ ಆ ಹುಡುಗ.

ಇವ್ರು ನನ್ನ ಕಡಿ ನೋಡಿ, "ಆರು ಹಾಕು," ಅಂದ್ರು.

ನಮ್ಮ ಕಡಿ ಬೀಗರಿಗೆ ಬ್ಯಾಡ ಅಂದ್ರೂ ಬಡಸೋದು ಪದ್ಧತಿ, ಹಂಗಂತ ನಾನೂ ಹಾಕಿದೆ. ಹುಡುಗ ಮಾವ ಆಗವ್ರ ಮಾತು ಮೀರಬಾರದಂತ ಐದನೇದು ಕಣ್ಣು ಮುಚ್ಚಿ ನುಂಗಿದ. ಆರನೇದಕ್ಕ ತುಪ್ಪ ಸುರದಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಹಿತ್ತಲಿಗೆ ಓಡಿದ. ಬಂದವ್ರೆಲ್ಲಾ ಅವನ ಬೆನ್ನು ತಿಕ್ಕಲಿಕ್ಕ ಓಡಿದ್ರು.

ಇವ್ರು ಕುಂತಲ್ಲೇ ಶಾಂತಿಲೆ ಮಜ್ಜಿಗಿ ಕುಡದು ನನ್ನ ಕಿವ್ಯಾಗ ಅಂದ್ರು, "ನೋಡಿದೇನು? ಆರಕ್ಕೇ ಲೀಕ್ ಆತು."

ಬೆರಳು

ಖರೇ ಹೇಳತೀನಿ, ಸೇಡಂ ವರ ಅವ್ರಿಗೆ ಪಸಂದ ಬಿದ್ದಿತ್ತು. ಅವತ್ತು ಹೋಳಿಗಿ ಮಾಡೋದೇ ಬ್ಯಾಡ ಅಂದೆ, ಅತ್ತಿನ್ನ ನಮ್ಮ ನಾದಿನಿ ಮನಿಗೆ ಕಳಿಸಿದೆ. ಎಲ್ಲಾ ಸುಸೂತ್ರ ನಡದು ಎಲಿ ಅಡಿಕಿ ತನಕ ಬಂತು. ಅವ್ರ ಹಿರ್ಯಾರು ಕೇಳಿದ್ರು, "ಏನ್ರಿ ಸಾಹುಕಾರ್ರೆ, ಮಾತು ಮುಂದ ನಡಸೋಣೇನು?"

ಇವ್ರ ಬಾಯ್ತುಂಬ ಎಲಿ. ಉಗಳಲಿಕ್ಕ ಬರಂಗಿಲ್ಲ, ನುಂಗಲಿಕ್ಕ ಬರಂಗಿಲ್ಲ. ಬಾವಿ ಹತ್ತಿರ ಮಶೀನಿನ ಗದ್ದಲದಾಗ ಮಾತು ಕೇಳಂಗಿಲ್ಲಂತ ಕ್ರೇನಿನವ್ರಿಗೆ ಕೈ ಸನ್ನಿ ಮಾಡಿ ಮಾಡಿ ಇವ್ರಿಗೆ ಅದೇ ರೂಢಿ. ಬಲಗೈ ಮ್ಯಾಲೆತ್ತಿ, ಬೆರಳು ಮುಗಲಿಗೆ ಮಾಡಿ, ಗರಗರ ತಿರುವಿದ್ರು. ಅಲ್ಲಿ ಅದರರ್ಥ "ಅಡ್ಡಿ ಇಲ್ಲ, ಎತ್ರಿ" ಅಂತ.

ಸೇಡಂ ಹಿರ್ಯಾರ ಮಾರಿ ಕೆಂಪಾತು. "ಎದ್ದು ಹೋಗ್ರಿ ಅನ್ನಲಿಕತ್ತಾರ ನೋಡ್ರಿ," ಅಂತ ಎಲ್ಲಾರೂ ಎದ್ದು ನಿಂತ್ರು.

ಇವ್ರು ಗಾಬರಿ ಆಗಿ "ನಿಲ್ಲಸ್ರಿ" ಅನ್ನೋ ಸನ್ನಿ ಮಾಡಿದ್ರು. ಅದು ಮತ್ತ ಹೆಂಗ ಅಂತೀರಿ? ಕೈ ನೆಟ್ಟಗ ಚಾಚಿ, ಅಂಗೈ ಕೆಳಗ ಮಾಡಿ, ಆ ಕಡಿ ಈ ಕಡಿ ಬೀಸೋದು! ಬಂದವ್ರು ಚಪ್ಪಲಿ ಹಾಕ್ಕೊಂಡ್ರು. ಇವ್ರು ಓಡಿ ಹೋಗಿ ಮೋರ್ಯಾಗ ಉಗಳಿ ಬರೋದ್ರಾಗ ಅವ್ರ ಜೀಪು ಓಣಿ ದಾಟಿತ್ತು.

ಆ ದಿನ ಊಟ ಮಾಡದ ಕುಂತು ಅಂದ್ರು, "ಅಷ್ಟು ಮಂದ್ಯಾಗ ಒಬ್ಬನರ ಕ್ರೇನ್ ಗೊತ್ತಿದ್ದವ ಇದ್ದಿದ್ರ ನನ್ನ ಮಗಳ ಲಗ್ನ ಆಗಿಹೋಗ್ತಿತ್ತು."

ಎಂಟೇ ಮಂದಿ

ಆವಾಗ ಮಗಳು ಅಪ್ಪನ ಮುಂದ ಕುಂತು ಹೇಳಿದಳು, "ಅಪ್ಪಾ, ನೀ ನನ್ನ ಬಿಟ್ಟಿರಂಗಿಲ್ಲ, ನನಗ ಗೊತ್ತದ. ಚಿಮ್ಮನಚೋಡದ್ದು ಒಂದ್ ನೋಡತೀನಿ. ಇದೂ ಹೋತಂದ್ರ ನಾ ಇನ್ನ ಯಾರ ಮುಂದೂ ಚಹಾ ಹಿಡ್ಕೊಂಡು ಬರಾಕಿ ಅಲ್ಲ." ಇವ್ರ ಕಣ್ಣಾಗ ನೀರು ಬಂತು. "ಈ ಸರ್ತಿ ನಾ ಬಾಯಿನೂ ತೆಗ್ಯಂಗಿಲ್ಲ, ಕೈನೂ ಎತ್ತಂಗಿಲ್ಲವಾ," ಅಂದ್ರು.

ಚಿಮ್ಮನಚೋಡದ ಆ ವರ ಚಿಂಚೋಳ್ಯಾಗ ಸಾಲಿ ಮಾಸ್ತರ. ಅವರಪ್ಪ ಅವ್ವ, ಕಾಕಾ ಕಾಕಿ ಕೂಡಿ ಐದು ಮಂದಿ ಬಂದ್ರು. ನಾವು ಅತ್ತಿ, ಗಂಡ ಹೆಂಡ್ತಿ, ನಮ್ಮ ಮಗ, ಮಗಳು ಐದು. ಹುಡುಗ ಹುಡುಗಿ ಜರಾ ಮಾತಾಡ್ಕೊಳ್ಳಲಿ ಅಂತ ನಾ ಅಂದ್ರ ಕಾಕಿ, "ಹಿರ್ಯಾರು ಕುಂತೀವಲ್ರಿ, ಅವ್ರೇನ್ ಮಾತಾಡೋದು?" ಅಂದಳು. ಇವ್ರು ಕೈ ಕಟ್ಕೊಂಡು ಗೊಂಬಿ ಹಂಗ ಕುಂತಿದ್ರು.

ಒಳಗ ಒಲಿ ಮ್ಯಾಲಿನ ಒಗ್ಗರಣ್ಯಾಗ ಒಣ ಮೆಣಸಿನಕಾಯಿ ಹೊತ್ತಿ ಘಾಟು ಎದ್ದಿತು. ಎಲ್ಲಾರೂ ಕೆಮ್ಮಲಿಕತ್ರು. ಎಣ್ಣಿ ಬಾವಿ ಹತ್ತಿರ ಗ್ಯಾಸಿನ ವಾಸನಿ ಬಂತಂದ್ರ ಎಲ್ಲಾರೂ ಒಂದೇ ಜಾಗಕ್ಕ ಓಡಿ ಬಂದು ನಿಲ್ಲಬೇಕು, ತಲಿ ಎಣಸಬೇಕು, ಲೆಕ್ಕ ಸರಿ ಹತ್ತೋತನಕ ಯಾರೂ ಒಳಗ ಹೋಗಬಾರದು. ಇವ್ರು ಮಗಳಿಗೆ ಕೊಟ್ಟ ಮಾತು ಮರತ್ರು.

"ಗ್ಯಾಸ್! ಎಲ್ಲಾ ಬಿಟ್ಟು ಹೊರಗ ನಡೀರಿ! ಬೇವಿನ ಗಿಡದ ಕೆಳಗ!"

ಕಾಕಾ ಚಹಾ ಬಸಿ ಹಿಡ್ಕೊಂಡೇ ಓಡಿದ. ಕಾಕಿ ನಮ್ಮತ್ತಿನ್ನ ಹಿಡ್ಕೊಂಡು ಓಡಿದಳು. ಇವ್ರು ಗಿಡದ ಕೆಳಗ ಎಲ್ಲಾರನ್ನೂ ಸಾಲು ನಿಲ್ಲಿಸಿ ಎಣಿಸಿದ್ರು. ಎಂಟು. ಮತ್ತ ಎಣಿಸಿದ್ರು. ಎಂಟೇ. ಮಗಳಿಲ್ಲ, ವರ ಇಲ್ಲ! ರೂಲ್ಸು ಗೀಲ್ಸು ಎಲ್ಲಾ ಒಗದು ತಾವೇ ಒಳಗ ಓಡಿದ್ರು, ಬೆನ್ನ ಹಿಂದ ನಾವೆಲ್ಲಾ.

ನೋಡಿದ್ರ ಅಡಗಿಮನ್ಯಾಗ ಒಲಿ ಆರಿಸ್ಯಾರ, ಕಿಡಕಿ ತಗದಾರ. ಇಬ್ಬರೂ ನೆಲದ ಮ್ಯಾಲ ಕುಂತು ಕೆಮ್ಮಕೋತ ನಕ್ಕೋತ ಮಾತಾಡಲಿಕತ್ತಾರ.

"ಹೊರಗ ಯಾಕ ಬರಲಿಲ್ಲ?" ಅಂತ ಇವ್ರು ಚೀರಿದ್ರು.

ವರ ಎದ್ದು ನಿಂತ. "ನಿಮ್ಮ ಮಗಳು ಒಲಿ ಆರಸಲಿಕ್ಕ ಒಳಗ ಓಡಿದಳ್ರಿ. ಒಬ್ಬಾಕಿನ್ನ ಹೆಂಗ ಬಿಟ್ಟು ಬರಲ್ರಿ?"

"ಒಲಿ ಆರಿಸಿ ಎಷ್ಟೊತ್ತಾತು?"

ಮಗಳು ಅಂದಳು, "ಆವಾಗೇ ಆರಿಸಿದ್ವಿ ಅಪ್ಪಾ. ನೀ ಎಲ್ಲಾ ಹಿರ್ಯಾರನ್ನೂ ಹೊರಗ ಕರಕೊಂಡು ಹೋದಿ. ಎಣಿಕಿ ಮುಗಿಯೋತನಕ ಮಾತಾಡೋಣಂತ ಕುಂತ್ವಿ. ಮುಗೀತು, ನನಗ ಪಸಂದ ಅದ."

ಇವ್ರು ಒಂದ್ ಗಳಿಗಿ ಹುಡುಗನ್ನೇ ನೋಡಿದ್ರು. ಆಮ್ಯಾಲ ಬೆರಳು ಚಾಚಿ, ಅಲ್ಲೇ ಅಡಗಿಮನ್ಯಾಗೇ ನಮ್ಮನಿ ಮಂದಿನ್ನ ಮತ್ತ ಎಣಸಲಿಕ್ಕ ಹತ್ತಿದ್ರು. ಅತ್ತಿ, ನಾ, ಮಗ, ಮಗಳು, ತಾವು. ಕೊನೀಗೆ ಬೆರಳು ವರನ ಎದಿಗೆ ಮುಟ್ಟಿಸಿ, "ಆರು. ಸರಿ ಅದ," ಅಂದ್ರು.

ವರನ ಅಪ್ಪ ಬಾಯಿ ತಗದ. "ಏನ್ರಿ ಇದು? ಹಂಗಾರ ನಮ್ಮ ಕಡಿ ಒಬ್ಬ ಕಮ್ಮಿ ಆದನಲ್ರಿ!"

ನಮ್ಮನಿಯವ್ರು ಕಣ್ಣು ಒರಸ್ಕೊಂಡು ಅಂದ್ರು, "ನಿಮ್ಮ ಎಣಿಕಿ ನೀವು ನೋಡ್ಕೋರಿ ಬೀಗರೆ. ನನ್ನ ಲೆಕ್ಕ ಹತ್ತಿತು."