ಎಮ್ಮೆ ಮೋರೆಯ ಜಿಂಕೆಗಳು

ಕಿನ್ನಾಳದ ಹಾಲೇಶನ ಮಾನ ಹೋದದ್ದು ಒಂದು ಫೋಟೋದ ದೆಸೆಯಿಂದ.

ಹತ್ತು ವರ್ಷ ಬೇರೆಯವರ ಹೆಸರಿನಲ್ಲಿ ಗೊಂಬೆಗೆ ಬಣ್ಣ ಬಳಿದಿದ್ದವನಿಗೆ ಮೊದಲ ಸಲ ತನ್ನ ಹೆಸರಿಗೇ ಆರ್ಡರ್ ಬಂದಿತ್ತು. ಆಫ್ರಿಕಾದಲ್ಲಿ ಕಾಡುಪ್ರಾಣಿ ಸಾಕಿ ಮಾರುವ ಸಾಹುಕಾರನೊಬ್ಬ, ಭಾಗ್ಯನಗರದ ಗೊಂಬೆ ಅಂಗಡಿ ಪ್ರಭುರಾಜನ ಮೂಲಕ ಹನ್ನೆರಡು ವೈಲ್ಡ್‌ಬೀಸ್ಟ್ ಗೊಂಬೆ ಕೇಳಿದ್ದ. ಅದು ಜಿಂಕೆಯ ಜಾತಿಯಂತೆ. ಮೋರೆ ಮಾತ್ರ ಎಮ್ಮೆಯದು, ಗಡ್ಡ ಹೋತದ್ದು, ಬಾಲ ಕುದುರೆಯದು. ಕಳಿಸಿದ ಫೋಟೋದಲ್ಲಿ ಅದರ ಮೈ ಬಂಗಾರದ ಬಣ್ಣದ್ದಿತ್ತು.

ಗಡುವಿನ ದಿನ ಬೆಳಿಗ್ಗೆ ಹಾಲೇಶ ಬಣ್ಣ ಕಲಸುತ್ತಿದ್ದಾಗ ಪಕ್ಕದ ಮನೆಯ ಆದೆಪ್ಪ ಕರೆಯದೇ ಬಂದು ಕೂತು, ಮೊಬೈಲು ತೆಗೆದ.

"ನೋಡೋ ತಮ್ಮಾ, ನೂರು ಫೋಟೋ ಅದಾವ, ಎಲ್ಲಾ ಕರೇವ! ನಿನ್ನ ಫೋಟೋ ಬಿಸಲಿಗೆ ಬಣ್ಣಗೆಟ್ಟೈತಿ. ಬಂಗಾರದ ಎಮ್ಮಿ ಕಳಿಸಿ ಊರಿನ ಹೆಸರ ಕೆಡಸ್ತೀ?"

"ಒಂದು ಫೋನರ ಹಚ್ಚಿ ಕೇಳ್ರಲಾ," ಎಂದಳು ಹೆಂಡತಿ ಸುರೇಖಾ.

"ಕಸಬಿನವ ಬಣ್ಣಾ ಕೇಳ್ತಾನೇನು? ನಾಚಿಕಿ ಆಗ್ತೈತಿ," ಎಂದ ಹಾಲೇಶ.

ಮಧ್ಯಾಹ್ನದೊಳಗೆ ಹನ್ನೆರಡೂ ಕರ್ರಗೆ ಮಿಂಚಿದವು. ಆಗಲೇ ಪ್ರಭುರಾಜ ಬಂದ. ನೋಡಿದವನೇ ಹಣೆ ಬಡಿದುಕೊಂಡ.

"ಅಣ್ಣಾರ, ಆ ಸಾವ್ಕಾರ ಸಾಕೋದು ಬಂಗಾರದವನ್ನರಿ! ಸಾವಿರದಾಗ ಒಂದು ಹುಟ್ಟೂದನ್ನ ಹುಡುಕಿ ತಳಿ ಮಾಡ್ಯಾನ!"

ಆದೆಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲ ದಾರಿ ಹಿಡಿದ. ಹಾಲೇಶನ ಕಿವಿ ಕಾದವು. ತಪ್ಪಾಯಿತು ಎನ್ನಲು ನಾಚಿಕೆಯಾಗಿ ಒಂದು ಸುಳ್ಳು ಹೇಳಿದ.

"ಇದು ಬರೇ ಅಸ್ತರರಿ, ಕೆಳಗಿನ ಬಣ್ಣ. ಮ್ಯಾಲೆ ಬಂಗಾರದ್ದು ಹಚ್ಚೂದೈತಿ."

ಸುರೇಖಾ ಅವನ ಮುಖ ನೋಡಿ, ಬಂಗಾರ ಬಣ್ಣದ ಡಬ್ಬಿ ತಂದು ಮುಂದಿಟ್ಟಳು. ನಾಲ್ಕು ಬೈದಿದ್ದರೆ ವಾಸಿಯಿತ್ತು.

ಪ್ರಭುರಾಜ ನಿಟ್ಟುಸಿರು ಬಿಟ್ಟು, ಕೆಲಸ ನಡೆದಿದೆ ಎಂದು ತೋರಿಸಲು ಕರಿಯ ಗೊಂಬೆಗಳ ಫೋಟೋ ಹೊಡೆದು ಸಾಹುಕಾರನಿಗೆ ಕಳಿಸಿ, ಗಾಡಿ ತರಲು ಕೊಪ್ಪಳಕ್ಕೆ ಹೋದ. ಹಾಲೇಶ ತಲೆ ಎತ್ತದೆ ಬಂಗಾರ ಬಳಿದ. ಐದು ಗಂಟೆಗೆ ಹನ್ನೆರಡನೆಯದರ ಬಾಲ ಮುಗಿಸುವಾಗ ಪ್ರಭುರಾಜ ಓಡುತ್ತ ಬಂದ.

"ಬಂಗಾರ ಹಚ್ಚಬ್ಯಾಡ್ರಿ! ಅಯ್ಯೋ, ಹಚ್ಚೇಬಿಟ್ರ್ಯಾ? ಎಲ್ಲಾರೂ ಬಂಗಾರದವನ್ನ ಸಾಕಾಕ ಹತ್ತಿ ಈಗ ಅವನ್ನ ಕೇಳವ್ರ ಇಲ್ಲಂತ. ಸಾವ್ಕಾರ ಎಲ್ಲಾ ಮಾರಿ ಸಾದಾ ಕರೇವ ತಂದಾನಂತ. ನಮ್ಮ ಕರೇ ಫೋಟೋ ನೋಡಿ ಕುಣದಾಡ್ಯಾನ. ವರ್ಷಾ ನೂರು ಬೇಕಂತ, ಅದಾ ಕೈಲೆ ಮಾಡಿದ್ದು!"

ಹಾಲೇಶನಿಗೆ ಜೀವ ಬಂದಂತಾಯಿತು. "ಮಾಡ್ತೀನ್ರಿ!"

"ನೀವಲ್ಲರಿ. ನಮ್ಮ ಕಡೆ ಅಸ್ತರ ಹಚ್ಚೋರು ಮನಿ ಹೆಣ್ಮಕ್ಕಳಲ್ಲೇನು? ಅದು ಸುರೇಖಕ್ಕನ ಕೈ. ಆರ್ಡರ್ ಅಕ್ಕನ ಹೆಸರಿಗೆ ಬರೀತೀನಿ."

ಹಾಲೇಶ ನಾಚಿಕೆಯಿಂದ ನೆಲ ನೋಡುತ್ತ ನಿಜ ಒದರಿದ. "ಅದು ಅಸ್ತರಲ್ಲರಿ, ಪೂರಾ ಬಣ್ಣಾನ. ನಾನಾ ಹಚ್ಚಿದ್ದು. ಮಧ್ಯಾಹ್ನ ಸುಳ್ಳು ಹೇಳಿದ್ನಿ."

ಪ್ರಭುರಾಜ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹೇಣ್ತಿ ಹೆಸರು ಕಸಗೊಳ್ಳಾಕ ಇಂಥಾ ಮಾತು ಆಡ್ತೀರಲ್ಲರಿ, ಒಂದೀಟು ನಾಚಿಕಿ ಬ್ಯಾಡೇನು?"

ಹಾಲೇಶ ಹೆಂಡತಿಯ ಕಡೆ ತಿರುಗಿದ. ಓಡಿಹೋದ ಆದೆಪ್ಪನನ್ನು ಬಿಟ್ಟರೆ ನಿಜ ಗೊತ್ತಿದ್ದವಳು ಅವಳೊಬ್ಬಳೇ. ಸುರೇಖಾ ಒಳಗೆ ಹೋಗಿ ಪ್ರಭುರಾಜನಿಗೆ ಪೆನ್ನು ತಂದುಕೊಟ್ಟಳು.